ಗಂಟಕ್ಕನ ಗಂಟಿನ ವಾರ

ಬೆಳಕು ಹರಿಯುವ ಮೊದಲೇ ಗಂಟಕ್ಕ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತು ಶೂ ಡಬ್ಬಿಯ ಮುಚ್ಚಳಗಳಿಗೆ ತೂತು ಕೊರೆಯುತ್ತಿದ್ದಾರೆ. ಕೊರಳಲ್ಲಿ ದಾರ ಕಟ್ಟಿ ನೇತುಹಾಕಿಕೊಂಡ ಕತ್ತರಿ. ಮೊಣಕೈಗೆ ಮೆತ್ತಿ ಒಣಗಿದ ಅಂಟು. ಒಂದೊಂದು ಮುಚ್ಚಳದ ಮೇಲೂ ಎರಡು ಕಣ್ಣು, ಸಿಟ್ಟಿನ ಹುಬ್ಬು. ಬಾಯಿಯ ಜಾಗದಲ್ಲಿ ಎರಡು ತೂತು. ಮಕ್ಕಳು ಅದರಲ್ಲಿ ಹಗ್ಗ ತೂರಿಸಿ ಗಂಟು ಹಾಕಿದರೆ ಬಾಯಿ ಆಗುತ್ತದಂತೆ. ಆಟಿಕೆಯ ಹೆಸರು ‘ಗಂಟುಮುಖ’.

“ಮಾದರಿಗೆ ಬೇರೆ ಮುಖ ಯಾಕೆ ಹುಡುಕ್ಬೇಕು? ದಿನಾ ಎದುರಿಗೇ ಇದೆಯಲ್ಲ,” ಎನ್ನುತ್ತಾರೆ ಬಾಗಿಲಲ್ಲಿ ನಿಂತ ಗಂಡ. ಅವರು ಬಸ್ ಡ್ರೈವರ್. ಡ್ಯೂಟಿಗೆ ಹೊರಟವರಿಗೆ ಡಬ್ಬಿಗಳ ಗುಡ್ಡೆ ದಾಟಲು ದಾರಿ ಸಿಗುತ್ತಿಲ್ಲ. “ಊರಿನ ಟ್ರಾಫಿಕ್ಕೇ ವಾಸಿ. ಅಲ್ಲಿ ಹಾರ್ನ್ ಹೊಡೆದ್ರೆ ಯಾರಾದ್ರೂ ಸರೀತಾರೆ.”

ಗಂಟಕ್ಕ ತಲೆ ಎತ್ತುವುದಿಲ್ಲ. “ಆ ಕಡೆಯಿಂದ ಸುತ್ಕೊಂಡು ಹೋಗ್ರೀ,” ಎಂದು ಗಂಡನಿಗೆ ಹೇಳಿ, ಆಮೇಲೆ ನನಗೆ, “ನೀವೇನು ಪೇಪರ್‌ನೋರೇ, ಬರ್ಕೊಳ್ತಾ ಕೂತಿದೀರ? ಆ ಮುಚ್ಚಳ ಹಿಡ್ಕೊಳಿ.”

ಹಿಡಿದುಕೊಳ್ಳುತ್ತೇನೆ. ಎಲೆಮರೆಯ ಕಾಯಿಯನ್ನು ಹುಡುಕಿಕೊಂಡು ಬಾ ಎಂದು ಸಂಪಾದಕರು ಕಳಿಸಿದ್ದರು. ಈ ಕಾಯಿ ಮರೆಯಾಗಿರುವುದು ಎಲೆಯ ಹಿಂದಲ್ಲ, ರಟ್ಟಿನ ಹಿಂದೆ.

ವಾರದ ದಿನಗಳಲ್ಲಿ ಅವರದು ಶೂ ಅಂಗಡಿಯಲ್ಲಿ ಕೆಲಸ. ದಿನವಿಡೀ ಮಂಡಿಯೂರಿ ಕಂಡವರ ಕಾಲಿಗೆ ಶೂ ತೊಡಿಸಿ ಲೇಸು ಕಟ್ಟುವುದು. ಶನಿವಾರ ಬೆಳಿಗ್ಗೆ ಮಾತ್ರ ರಜೆ. ಆ ಹೊತ್ತನ್ನು ಶಾಲೆಯ ಹಿಂಬದಿಯ ಕೋಣೆಯಲ್ಲಿ, ಸ್ಕೌಟ್‌ನ ಪುಟಾಣಿ ಪಡೆಗೆ ಕೊಟ್ಟುಬಿಟ್ಟಿದ್ದಾರೆ. ಆರರಿಂದ ಒಂಬತ್ತು ವರ್ಷದ ಮಕ್ಕಳು. ವಾರಕ್ಕೊಂದು ವಿಷಯ: ಒಮ್ಮೆ ಕಪ್ಪೆ, ಒಮ್ಮೆ ಗಾಳಿ, ಒಮ್ಮೆ ನೆರಳು. ಅದಕ್ಕೆ ತಕ್ಕ ಒಂದು ಆಟ, ಕೈಯಾರೆ ಮಾಡುವ ಒಂದು ವಸ್ತು. ಸಂಬಳವಿಲ್ಲ. ಅಂಗಡಿಯ ಖಾಲಿ ಡಬ್ಬಿಗಳನ್ನು ಒಯ್ಯಲು ಮಾಲೀಕರ ಅಡ್ಡಿಯಿಲ್ಲ, ಅಷ್ಟೇ ಭಾಗ್ಯ. ಗಂಟು ಕಲಿಸುತ್ತಾರೆಂದೂ, ಮುಖ ಗಂಟು ಹಾಕಿಕೊಂಡೇ ಇರುತ್ತಾರೆಂದೂ ಮಕ್ಕಳು ಇಟ್ಟ ಹೆಸರು ಗಂಟಕ್ಕ. ಮನೆಯಲ್ಲಿ ಅತ್ತೆಯೂ ಈಗ ಹಾಗೇ ಕರೆಯುತ್ತಾರೆ.

ಇವತ್ತು ಆ ಮುಖದ ಗಂಟು ಇನ್ನಷ್ಟು ಬಿಗಿ. ಈ ಶನಿವಾರ ಅವರ ಕೊನೆಯ ಶನಿವಾರವಾಗಬಹುದು.

ಕಾರಣ ಒಂದು ಹಕ್ಕಿಗೂಡು. ಕಳೆದ ತಿಂಗಳು ಗೂಡಿನ ವಾರ ಮಕ್ಕಳು ಹುಲ್ಲು, ನಾರು, ಹರಿದ ಕಾಗದ ಸೇರಿಸಿ ಗೂಡು ಕಟ್ಟಿದ್ದರು. ಪೋಷಕರ ಸಮಿತಿಯ ಅಧ್ಯಕ್ಷರ ಮಗಳೂ ಕಟ್ಟಿದ್ದಳು. ಮಾತಿಗೊಂದು ‘ಯಾಕೆ’ ಎನ್ನುವ ಅವಳನ್ನು ಪಡೆಯಲ್ಲಿ ಎಲ್ಲರೂ ಕರೆಯುವುದೇ ಯಾಕಮ್ಮ ಎಂದು. ಅವಳ ಗೂಡನ್ನು ಮನೆಯಲ್ಲಿ ಕಸವೆಂದು ಗುಡಿಸಿ ಹಾಕಿದರು. ಮಗು ಮನೆ ಹಾರಿಹೋಗುವ ಹಾಗೆ ಅತ್ತಿತು. ಗುಡಿಸಿದವರ ತಪ್ಪು ಅನ್ನುತ್ತೀರಾ? ಉಹುಂ. ಗೂಡು ಕಸದ ಹಾಗಿದ್ದದ್ದು ಗಂಟಕ್ಕನ ತಪ್ಪು ಎಂದು ತೀರ್ಮಾನವಾಯಿತು!

ಅಂದಿನಿಂದ ಅಧ್ಯಕ್ಷರ ತಲೆಯಲ್ಲಿ ಕಿಟ್ ಹೊಕ್ಕಿದೆ. ಎಲ್ಲವನ್ನೂ ಮೊದಲೇ ಕತ್ತರಿಸಿಟ್ಟ ಡಬ್ಬಿ. ಒಂದನೇ ನಂಬರಿನ ಮೇಲೆ ಒಂದನೇ ನಂಬರು ಅಂಟಿಸಿದರೆ ಚಿಟ್ಟೆ ರೆಡಿ. ಎಲ್ಲ ಚಿಟ್ಟೆಯೂ ಒಂದೇ ಥರ, ಫೋಟೋಗೆ ಚೆಂದ. ಕಲಿಸಲು ಕಂಪನಿಯವರೇ ಬರುತ್ತಾರೆ. ಹಾಗಾದರೆ ಗಂಟಕ್ಕ ಯಾಕೆ? ಶಾಲೆಯ ದೊಡ್ಡ ಮೇಡಂ ಇವತ್ತು ಖುದ್ದಾಗಿ ನೋಡಿ ತೀರ್ಮಾನ ಹೇಳುತ್ತಾರೆ.

“ಹೋದ್ರೆ ಹೋಗ್ಲಿ, ಶನಿವಾರ ಬೆಳಿಗ್ಗೆ ನಿದ್ದೆ ಮಾಡ್ತೀನಿ,” ಎನ್ನುತ್ತಾರೆ ಗಂಟಕ್ಕ. ಮಾತು ಮುಗಿಸುವ ಮೊದಲೇ ತೂತು ಜಾಗ ತಪ್ಪಿ ಮುಚ್ಚಳ ಹರಿಯುತ್ತದೆ. “ಥೂ! ಮೂಗಿಗೆ ಬಾಯಿ ಆಯ್ತು.”

ಶಾಲೆಯ ಗೇಟಿನ ಬಳಿ ಬಂದಾಗ ಮೊದಲ ಮಗು ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತು ಬರುತ್ತಿದೆ. ಹಿಂದೆಯೇ ಎರಡನೆಯದು, ತಲೆಯ ಮೇಲೆ ಹೊತ್ತು. ಆಮೇಲೆ ಒಬ್ಬ ತಂದೆ, ದಿಂಬಿನಷ್ಟು ದಪ್ಪದ ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು.

“ಏನಿದು?” ಗಂಟಕ್ಕ ಕೇಳುತ್ತಾರೆ.

“ಗಂಟು. ನೀವೇ ತಾನೆ ಹೇಳಿದ್ದು?”

ಗ್ರಾಹಕರ ಕಾಲಿಗೂ ಮೊಬೈಲಿಗೂ ನಡುವೆ ಗಂಟಕ್ಕ ಕಳಿಸಿದ್ದ ಸಂದೇಶ ಹೀಗಿತ್ತು: ‘ಶನಿವಾರದ ವಿಷಯ ಗಂಟು. ಗಂಟಿಗೆ ಬೇಕಾದ್ದನ್ನು ಮನೆಯಿಂದಲೇ ಕಳಿಸಿ.’ ಅವರ ಮನಸ್ಸಿನಲ್ಲಿದ್ದದ್ದು ಹಗ್ಗ. ಯಾವುದೋ ತಾಯಿ ‘ಹಳೇ ಬಟ್ಟೆ ಆಗುತ್ತಾ?’ ಎಂದು ಕೇಳಿದ್ದಾರೆ. ಬಟ್ಟೆಯನ್ನು ಹೊಸೆದು ಹಗ್ಗ ಮಾಡುತ್ತಾರೇನೋ ಅಂದುಕೊಂಡು ಇವರು ‘ಆಗುತ್ತೆ, ಗಟ್ಟಿಯಾಗಿರಲಿ’ ಎಂದಿದ್ದಾರೆ. ಅಷ್ಟೇ. ಊರಿನ ಬೀರುಗಳೆಲ್ಲ ಖಾಲಿ.

“ಹಣದ ಗಂಟು ಕೇಳಲಿಲ್ಲವಲ್ಲ, ಬದುಕಿದ್ವಿ,” ಎಂದು ಆ ತಂದೆ ತಮ್ಮ ಜೋಕಿಗೆ ತಾವೇ ನಗುತ್ತಾರೆ. ಗಂಟಕ್ಕ ನಗುವುದಿಲ್ಲ. ಹಗ್ಗ ಒಂದೂ ಇಲ್ಲ. ಬೆಳಗಿನ ಜಾವದಿಂದ ಕೊರೆದ ಗಂಟುಮುಖಗಳೆಲ್ಲ ಬಾಯಿಲ್ಲದೆ ಬಿದ್ದಿವೆ. ಬಾಗಿಲಲ್ಲಿ ದೊಡ್ಡ ಮೇಡಂ, ಅವರ ಪಕ್ಕ ಮಿರಮಿರ ಮಿಂಚುವ ಕಿಟ್ ಡಬ್ಬಿ ಹಿಡಿದ ಅಧ್ಯಕ್ಷರು.

“ಇದೇನು, ಮನೆ ಖಾಲಿ ಮಾಡ್ತಾ ಇದೀರಾ?” ಅಧ್ಯಕ್ಷರ ಪ್ರಶ್ನೆ. ನನಗೇ ರೇಗುತ್ತದೆ. ಗಂಟಕ್ಕನ ಕಿವಿ ಕೆಂಪಾಗುತ್ತದೆ.

ಆದರೆ ಮಕ್ಕಳು ದೊಡ್ಡವರ ತೀರ್ಮಾನಕ್ಕೆ ಕಾಯುವ ಜಾತಿಯಲ್ಲ. ಆಗಲೇ ಗಂಟುಗಳನ್ನು ಬಿಚ್ಚಲು ಕೂತಿದ್ದಾರೆ. ಬಿಚ್ಚಿದರೆ ತಾನೆ! ಅಪ್ಪ ಅಮ್ಮಂದಿರು ‘ಗಟ್ಟಿಯಾಗಿರಲಿ’ ಎಂಬ ಮಾತನ್ನು ಮನಸ್ಸಿಗೆ ತೆಗೆದುಕೊಂಡು ಹಾಕಿದ ಬ್ರಹ್ಮಗಂಟುಗಳು. ಒಬ್ಬ ಹಲ್ಲು ಹಾಕುತ್ತಾನೆ, ಒಬ್ಬಳು ಕಾಲು ಕೊಟ್ಟು ಎಳೆಯುತ್ತಾಳೆ.

“ಅಕ್ಕಾ, ಕತ್ತರಿ!” ಎಂಬ ಕೂಗು. ಪ್ರತಿ ವಾರವೂ ಇದೇ ಕೂಗು. ಮಕ್ಕಳು ಹಾಕಿದ ಸುಳ್ಳು ಗಂಟು ಕಚ್ಚಿಕೊಂಡು ಕೂರುತ್ತದೆ, ಗಂಟಕ್ಕ ಕತ್ತರಿಸುತ್ತಾರೆ. ಅವರ ಕೈ ಕೊರಳಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ.

“ಕತ್ತರಿನೂ ಇಲ್ಲ, ಗಿತ್ತರಿನೂ ಇಲ್ಲ. ನಿಮ್ಮಮ್ಮನ ಬೆಡ್‌ಶೀಟ್ ಕತ್ತರಿಸಿ ಬೈಸ್ಕೊಳ್ಳೋರು ಯಾರು? ಬೆರಳಲ್ಲಿ ಬಿಚ್ರೋ. ಬಿಚ್ಚಿದ ಬಟ್ಟೇನ ಒಂದಕ್ಕೊಂದು ಕಟ್ಟಿ. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಆಗ್ಬೇಕು. ಆಮೇಲೆ ಹಗ್ಗಜಗ್ಗಾಟ!”

ಕೋಣೆ ಸಂತೆಯಾಗುತ್ತದೆ. ಟವೆಲಿಗೆ ಶರ್ಟಿನ ತೋಳು, ತೋಳಿಗೆ ಪರದೆ, ಪರದೆಗೆ ಯಾರದೋ ಪೈಜಾಮ. ಎಲ್ಲ ಬಾಯಲ್ಲೂ ಒಂದೇ ರಾಗ: “ಬಲದ ಮೇಲೆ ಎಡ, ಎಡದ ಮೇಲೆ ಬಲ.” ಹೀಗೆ ಕಟ್ಟಿದ ಗಂಟು ಚಪ್ಪಟೆಯಾಗಿ ಮಲಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ, ಬೇಕೆಂದಾಗ ಬಿಚ್ಚಿಕೊಳ್ಳುತ್ತದೆ. ಎರಡೂ ಸಲ ಒಂದೇ ಕಡೆ ಸುತ್ತಿದರೆ ಅದೇ ಸುಳ್ಳು ಗಂಟು.

ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಾರೆ. ಗಂಟಕ್ಕನ ಕಣ್ಣು ಮೇಡಂ ಮುಖದ ಮೇಲೆ, ಕೈ ಮಾತ್ರ ಕೊನೆಯ ಎರಡು ಬಟ್ಟೆಗಳ ಮೇಲೆ. ಆತುರದಲ್ಲಿ ಕಟ್ಟಿ, “ಹೂಂ, ಹಿಡ್ಕೊಳಿ ಎಲ್ರೂ,” ಎನ್ನುತ್ತಾರೆ.

“ಇದು ಯಾಕೆ ಹಿಂಗಿದೆ?”

ಯಾಕಮ್ಮ. ಗಂಟಕ್ಕ ಕಟ್ಟಿದ ಗಂಟಿನ ಮೇಲೆ ಬೆರಳಿಟ್ಟು ನಿಂತಿದ್ದಾಳೆ.

“ಹೆಂಗಿದೆ? ಸರಿಯಾಗೇ ಇದೆ. ಸುಮ್ನೆ ಹಿಡ್ಕೊಳೇ.”

“ಸರಿಯಿಲ್ಲ. ಅಡ್ಡ ನಿಂತಿದೆ, ಮಲಗಿಲ್ಲ. ನೀವು ಎರಡು ಸಲಾನೂ ಬಲದ ಮೇಲೆ ಎಡ ಹಾಕಿದೀರ. ಯಾಕೆ?”

ಅಧ್ಯಕ್ಷರು ಮಗಳನ್ನು ಗದರಲು ಬಾಯಿ ತೆರೆದವರು ಮೇಡಂ ಕಡೆ ನೋಡಿ ಮುಚ್ಚಿಕೊಳ್ಳುತ್ತಾರೆ. ಗಂಟಕ್ಕ ಬಗ್ಗಿ ನೋಡುತ್ತಾರೆ. ಹೌದು, ಅಪ್ಪಟ ಸುಳ್ಳು ಗಂಟು.

“ಅಯ್ಯೋ ನನ್ನ ಕರ್ಮವೇ,” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. “ಕಣ್ಣು ಎಲ್ಲೋ ಇತ್ತು ಕಣೇ. ನೀನೇ ಕಟ್ಟು.”

ಅವಳು ಕಟ್ಟುತ್ತಾಳೆ. ನಾಲಿಗೆ ಹೊರಗೆ ಚಾಚಿ, ರಾಗ ಎಳೆಯುತ್ತಾ, ನಿಧಾನವಾಗಿ. ಆಮೇಲೆ ಜಗ್ಗಾಟ. ಒಂದು ಕಡೆ ಕಿಟಕಿ ಪಕ್ಕದವರು, ಇನ್ನೊಂದು ಕಡೆ ಬಾಗಿಲ ಪಕ್ಕದವರು. ಬಾಗಿಲ ಕಡೆ ಬಲ ಸಾಲದೆ ಬಂದಾಗ ಯಾಕಮ್ಮ ತಂದೆಯ ಕೈ ಹಿಡಿದು ಎಳೆಯುತ್ತಾಳೆ. ಕಿಟ್ ಡಬ್ಬಿ ಕೆಳಗಿಟ್ಟು ಅವರೂ ಜಗ್ಗುತ್ತಾರೆ. ಕಿಟಕಿ ಕಡೆಯ ಕೂಗಿಗೆ ದೊಡ್ಡ ಮೇಡಂ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಜಗ್ಗಲು ಹೋಗುತ್ತಾರೆ. ಪೈಜಾಮದ ಹೊಲಿಗೆ ಪರ್ ಎಂದು ಬಿಡುತ್ತದೆ. ಎಲ್ಲರೂ ದುಪುದುಪು ಬೀಳುತ್ತಾರೆ. ಹರಿದದ್ದು ಬಟ್ಟೆ. ಗಂಟು ಒಂದೂ ಜಾರಿಲ್ಲ.

ಮೇಡಂ ಧೂಳು ಕೊಡವಿಕೊಂಡು ಎದ್ದು ಕನ್ನಡಕ ಹಾಕಿಕೊಳ್ಳುತ್ತಾರೆ. ತೀರ್ಪಿಗೆ ಕಾದು ನನ್ನ ಪೆನ್ನೂ ನಿಂತಿದೆ.

“ಮುಂದಿನ ವಾರ ಏನು ವಿಷಯ?”

ಗಂಟಕ್ಕ ತಡವರಿಸುತ್ತಾರೆ. “ಕಾಗೆ, ಮೇಡಂ.”

“ಸಂದೇಶ ಸರಿಯಾಗಿ ಬರೀರಿ. ಕಾಗೇನೇ ಹಿಡ್ಕೊಂಡು ಬಂದಾರು.”

ಅಷ್ಟು ಹೇಳಿ ಹೊರಡುತ್ತಾರೆ. ಅಧ್ಯಕ್ಷರು ಕಿಟ್ ಡಬ್ಬಿಯನ್ನು ಎತ್ತಿಕೊಂಡು ಒಂದು ಗಳಿಗೆ ನಿಲ್ಲುತ್ತಾರೆ. “ಅದು ಖಾಲಿಯಾದ್ರೆ ಬಿಸಾಡ್ಬೇಡಿ, ಸರ್,” ಎನ್ನುತ್ತಾರೆ ಗಂಟಕ್ಕ. “ಒಳ್ಳೇ ರಟ್ಟು. ಕಾಗೆಗೆ ರೆಕ್ಕೆ ಆಗುತ್ತೆ.”

ಎಲ್ಲರೂ ಹೋದ ಮೇಲೆ, ಮನೆಮನೆಗೆ ವಾಪಸು ಮಾಡಬೇಕಾದ ಬಟ್ಟೆಗಳನ್ನು ಬಿಡಿಸಲು ಕೂರುತ್ತೇವೆ. ಗಂಟಕ್ಕನ ಬೈಗುಳ ಶುರುವಾಗುತ್ತದೆ: ಅಂಟಿನ ಬಾಟಲಿಯ ಮುಚ್ಚಳ ಮತ್ತೆ ಕಾಣೆಯಾಗಿದೆ, ಪೈಜಾಮ ಯಾರದೋ, ಹೊಲಿದು ಕೊಡಬೇಕು, ಅಂಗಡಿಗೆ ಹೊತ್ತಾಯಿತು. ಬೈಯುತ್ತಲೇ ಒಂದೊಂದು ಗಂಟಿನ ಎರಡು ತುದಿ ಹಿಡಿದು ಒಳಕ್ಕೆ ತಳ್ಳುತ್ತಾರೆ. ಗಂಟು ಸಡಿಲಾಗಿ ಕೈಗೆ ಬರುತ್ತದೆ. ಮುಂದಿನದೂ ಬರುತ್ತದೆ. ಯಾಕಮ್ಮ ಕಟ್ಟಿದ್ದೂ ಬಂದಾಗ ಬೈಗುಳ ತಾನಾಗಿ ನಿಲ್ಲುತ್ತದೆ.

“ನಿಮ್ಮ ಆಸೆ ಏನು?” ಎಂದು ನಾವು ಪತ್ರಿಕೆಯವರು ಕೊನೆಗೆ ಕೇಳುವ ಪ್ರಶ್ನೆಯನ್ನು ಕೇಳುತ್ತೇನೆ.

“ಅಂಟಿನ ಬಾಟಲಿಗೆ ಮುಚ್ಚಳ ಹಾಕೋ ಒಂದು ಮಗು. ಒಂದೇ ಒಂದು ಸಾಕು.”

ಕೊನೆಯ ಟವೆಲನ್ನು ಮಡಚಿಟ್ಟು, ಕೊರಳಿಂದ ಕತ್ತರಿ ತೆಗೆದು ಚೀಲಕ್ಕೆ ಹಾಕಲು ಹೋದವರು ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಮುಖ ಇನ್ನೂ ಗಂಟು ಹಾಕಿಕೊಂಡೇ ಇದೆ.

“ಇವತ್ತು ಒಂದು ಗಂಟಿಗೂ ಇದು ಬೇಕಾಗ್ಲೇ ಇಲ್ಲ, ನೋಡಿ.”