ಬಾನೆಟ್ಟಿನೊಳಗಿನ ನಿಂಬೆಹಣ್ಣು

ನಮ್ಮ ತಳೇಗಾಂವದ ಉಮಾವತಿಯ ಕಿವಿ ಎಂಥದ್ದೆಂದರೆ, ಸೋಲಾಪುರದಲ್ಲಿ ಕಾರು ಸೀನಿದರೆ ಇಲ್ಲಿಂದಲೇ ಶೀತವೋ ಧೂಳೋ ಹೇಳಿಬಿಡುತ್ತಾಳೆ. ನಂಬದಿದ್ದರೆ ಬಿಡಿ. ನನ್ನ ಹಳೇ ಸ್ಕೂಟರು ಪೆಟ್ರೋಲಿಲ್ಲದೆ, ಬರೀ ನನ್ನ ಬೈಗುಳದ ಮೇಲೆ ಕಾತ್ರಜ ಘಾಟು ಹತ್ತಿದ್ದನ್ನೂ ನೀವು ನಂಬುವುದಿಲ್ಲ. ಸ್ಕೂಟರು ನಂಬಿತ್ತು, ಅದಕ್ಕೇ ಹತ್ತಿತು.

ಉಮಾವತಿ ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರಿನ ದೋಷ ಹುಡುಕುವವಳು. ಈಗಿನ ಎಂಜಿನ್‌ಗೆ ಒಂದು ಡಬ್ಬಿಯೇ ಯಜಮಾನ. ಎಷ್ಟು ಇಂಧನ, ಯಾವಾಗ ಕಿಡಿ, ಎಲ್ಲ ಅದರದೇ ಅಪ್ಪಣೆ.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ನೆರೆಮನೆಯ ಬಸವಪ್ರಭು ತನ್ನ ಕಾರನ್ನು ಅವಳಲ್ಲಿಗೆ ತಂದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಯಮನವ್ವ, ಮುಂದೆ ಕೆಲಸವಿಲ್ಲದ ನಾನು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಕಾರು ಮೂರ್ಛೆ ಹೋಗುತ್ತಿತ್ತು. ತನ್ನ ಮಗಳನ್ನು ನೋಡಲು ಬರುವ ಗಂಡಿನವರನ್ನು ಅಂದು ಮಧ್ಯಾಹ್ನ ದೌಂಡದಿಂದ ತಾನೇ ಕರೆತರುತ್ತೇನೆಂದು ಅವನು ಬಡಾಯಿ ಕೊಚ್ಚಿದ್ದ.

"ಉಮಕ್ಕಾ, ದಾರ್ಯಾಗ ಬಂದ್ ಬಿದ್ರ ನೂಕ್ಲಿಕ್ಕೆ ಗಂಡನ್ನs ಇಳಿಸ್ಬೇಕಾಗ್ತದ! ಮತ್ತೊಬ್ಬ ಮಿಸ್ತ್ರಿ ಕಂಪ್ಯೂಟರ್ ಹೊಸದು ಹಾಕ್ರಿ ಅಂದಾನ. ಅದು ಬರೂದು ಮುಂದಿನ ವಾರ."

ಉಮಾವತಿ ಸ್ಕ್ಯಾನರ್ ಸಿಕ್ಕಿಸಿದಳು. ಪರದೆಯ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ದೂರುಗಳು.

"ಅಣ್ಣಾ, ಇಷ್ಟು ಮಂದಿ ಒಮ್ಮೆಲೆ ಕೆಡೂದಿಲ್ರಿ. ಎಲ್ಲಾರಿಗೂ ಬೇಕಾದದ್ದು ಯಾವುದೋ ಒಂದು ಕೈ ಕೊಟ್ಟದ. ಡಬ್ಬಿ ಆಮ್ಯಾಲೆ, ಮೊದಲ ವೈರು ನೋಡೂಣು."

ಎಂಜಿನ್ ಓಡುತ್ತಿದ್ದಂತೆಯೇ ಒಂದೊಂದೇ ವೈರನ್ನು ಅಲುಗಾಡಿಸಿದಳು. ಡಬ್ಬಿಯ ಹತ್ತಿರದ ದಪ್ಪ ವೈರುಕಟ್ಟನ್ನು ಮುಟ್ಟಿದ್ದೇ ತಡ, ಎಂಜಿನ್ ಗಪ್‌ಚುಪ್! ಅದಕ್ಕೇ ಕರಿದಾರದಲ್ಲಿ ಬಿಗಿದ ಒಂದು ಕೊಳೆತ ನಿಂಬೆಹಣ್ಣು, ಜೊತೆಗೆ ಮೆಣಸಿನಕಾಯಿ. ವೈರುಕಟ್ಟಿನ ತುದಿಯ ಪ್ಲಗ್ ಬಿಚ್ಚಿದರೆ, ಎಲ್ಲಕ್ಕೂ ಬೇಕಾದ ಅರ್ಥಿಂಗ್ ಪಿನ್ನಿಗೇ ಹಸಿರು ಕಿಲುಬು.

"ಇದನ್ನ ಒಳಗ ಯಾರು ಕಟ್ಟ್ಯಾರ್ರಿ?"

"ನಾನs ಕಟ್ಟೇನಿ," ಎಂದಳು ಯಮನವ್ವ, ಹೆಮ್ಮೆಯಿಂದ. "ಎಲ್ಲಾರೂ ಹೊರಗ ಕಟ್ತಾರ, ಹೊರಗಿಂದಷ್ಟs ಕಾಯ್ತದ. ಎಂಜಿನ್ ಕಾಯೋರು ಯಾರು?"

"ಕಾದೂ ಕಾದೂ ಸಾಕಾಗಿ ಅದು ಅತ್ತದ್ರಿ ಅಜ್ಜಿ! ನಿಮ್ಮ ದಾರ ಜಗ್ಗಿ ಪ್ಲಗ್ಗಿನ ಮ್ಯಾಲಿನ ರಬ್ಬರ್ ಸರಿದದ, ರಸ ಎಲ್ಲಾ ಪಿನ್ನಿಗೆ ಇಳಿದದ."

ಬಸವಪ್ರಭು ತಲೆಗೆ ಕೈ ಹಚ್ಚಿದ. ಉಮಾವತಿ ಪ್ಲಗ್ ತೊಳೆದು ಒಣಗಿಸಿ, ಹೊಸ ಪಿನ್ ಹಾಕಿ, ರಬ್ಬರ್ ಕೂಡಿಸಿ ಕಾರನ್ನು ಸ್ಪೀಡ್ ಬ್ರೇಕರ್ ಮೇಲೆ ಹಾರಿಸಿದಳು. ಅಲುಗಾಡಿದ್ದು ನನ್ನ ಹಲ್ಲಿನ ಸೆಟ್ಟು ಮಾತ್ರ.

"ನೋಡು, ನಿಂಬಿಹಣ್ಣು ಇತ್ತಂತs ದೃಷ್ಟಿ ಪಿನ್ನಿಗಷ್ಟs ತಾಗಿ ಡಬ್ಬಿ ಉಳೀತು," ಎಂದಳು ಯಮನವ್ವ.

"ಹೌದ್ರಿ ಅಜ್ಜಿ. ಇನ್ನ ಮುಂದ ಅದಕ್ಕ ಹೊರಗ ಡ್ಯೂಟಿ ಹಾಕ್ರಿ."

ಸಂಜೆ ಗಂಡಿನವರು ಬಂದಿಳಿದಾಗ ಹೊಸ ನಿಂಬೆ ಬಂಪರಿಗೆ ತೂಗಾಡುತ್ತಿತ್ತು. ನಾನು ಮೊದಲು ನೋಡಿದ್ದು ಗಂಡಿನ ಅಂಗಿಯನ್ನು. ನೂಕಿದ ಗುರುತೇ ಇಲ್ಲ, ಇಸ್ತ್ರಿ ಒಂದಿಷ್ಟೂ ಕೆಟ್ಟಿರಲಿಲ್ಲ.