ಚಾಚಿಯ ಕಣ್ಣುಪಟ್ಟಿ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಶಾಲೆ ಬಿಟ್ಟವಳಾದ್ದರಿಂದ ಶಬ್ದಗಳೂ ಕಡಿಮೆ, ಕ್ಷಮಿಸಬೇಕು. ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಸರ್ವರಬೇಗಂ ಚಾಚಿ ಮಧ್ಯಾಹ್ನವಾದರೆ ಟಿವಿಯಲ್ಲಿ ಮತ್ತೆ ಬರುವ ಹಳೆಯ ಆಟವೊಂದರ ಮುಂದೆ ಕೂರುತ್ತಾರೆ. ಅದರಲ್ಲಿ ಸಿನಿಮಾ ನಟರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಎದುರು ಬಂದ ಅತಿಥಿ ಯಾರೆಂದು ಪ್ರಶ್ನೆ ಕೇಳಿಯೇ ಪತ್ತೆ ಮಾಡಬೇಕು. ಅತಿಥಿ ಹೌದು, ಅಲ್ಲ ಎಂದಷ್ಟೇ ಹೇಳಬೇಕು. ಚಾಚಿಗೆ ಆ ನಟರೆಲ್ಲ ಮನೆಯ ಅಳಿಯಂದಿರಿದ್ದಂತೆ. "ಭಾಳ ಶ್ಯಾಣ್ಯಾ ಇದ್ದಿ, ಸುಮ್ನ ಕುಂದ್ರು," ಎಂದು ಬೈಯುತ್ತಾರೆ. ಮೋಸವಾಗಬಾರದೆಂದು ತಾವೂ ಸೆರಗನ್ನು ಕಣ್ಣಿಗೆ ಸುತ್ತಿಕೊಳ್ಳುತ್ತಾರೆ. ಟಿವಿ ಆರಿದರೂ ಅವರ ಆಟ ನಿಲ್ಲುವುದಿಲ್ಲ. ಬಾಗಿಲಿಗೆ ಯಾರೇ ಬರಲಿ, "ಹೌದು, ಅಲ್ಲ, ಅಷ್ಟೇ ಹೇಳು. ನೀ ಹಾಲಿನಾವೇನು?" ಎಂದು ಕೇಳುತ್ತಾರೆ. "ಅಲ್ಲ ಚಾಚಿ, ನಿಮ್ಮ ಬೀಗ!" ಎಂದು ಓಣಿಯವರು ನಗುತ್ತಾರೆ, ನಾನೂ ನಗುತ್ತಿದ್ದೆ. ನಿನ್ನೆ ಟಿವಿಯಲ್ಲಿ ಚಿತ್ರ ಹೋಗಿ ಬರೀ ದನಿ ಬರುತ್ತಿತ್ತು. ಚಪ್ಪಾಳೆ ಕೇಳಿ ಸೆರಗು ಬಿಚ್ಚಿದ ಚಾಚಿ ಆ ಕಪ್ಪು ಗಾಜನ್ನೇ ನೋಡುತ್ತ, "ಅಂಬಿಕಾ, ಎಷ್ಟ್ ಚಂದ ನಗಲಿಕತ್ಯಾನ ನೋಡು," ಎಂದರು. "ಚಾಚಿ, ಚಿತ್ರಾನೇ ಬರವಲ್ದುರಿ," ಎಂದೆ. ಅವರ ನಗು ನಿಂತಿತು. ತಡವರಿಸಿ ನನ್ನ ಕೈ ಹಿಡಿದರು. "ನಂಗ ಕಾಣೋದು ಎಂದೋ ನಿಂತದ, ಬೇಟಾ. ಅಬ್ರಾರಗ ಹೇಳಬ್ಯಾಡ. ಕುರುಡಿಗಿ ಟಿವಿ ಯಾಕ ಅಂತ ಒಯ್ತಾನ." ಅಬ್ರಾರ ಭಾಯಿ ಅವರ ಮಗ. ನಾನು ಹೇಳುವುದಿಲ್ಲವೆಂದು ತಲೆಯಾಡಿಸಿದೆ. ಅದೂ ಅವರಿಗೆ ಕಾಣಲಿಲ್ಲ. ಡಾಕ್ಟರರು ನೋಡಿದರೆ ಸ್ವಲ್ಪವಾದರೂ ಬೆಳಕು ಉಳಿದೀತೇನೋ. ನಾಳೆ ಬೆಳಿಗ್ಗೆ ನಾನು ಅಬ್ರಾರ ಭಾಯಿಗೆ ಹೇಳುತ್ತೇನೆ.