ಹುಲ್ಲುಹೆಂಟೆ ಹೊತ್ತು ಗಡಿ ನಡೆದ ಇರೆಮಿಯ

ಸರ್ವೆಯವರು ಬಂದ ವರ್ಷ ಇರೆಮಿಯನಿಗೆ ಎಪ್ಪತ್ತೊಂದು ತುಂಬಿತ್ತು. ಒಂಬತ್ತನೇ ವಯಸ್ಸಿನಿಂದಲೂ ಬೇಸಿಗೆಯೆಲ್ಲ ಬ್ರುಸ್ತುರೆನಿ ಊರಿನ ಮೇಲಿನ ಹುಲ್ಲುಗಾವಲಿನಲ್ಲಿ ಕುರಿಗಳ ಜೊತೆ ಕಳೆದವನು. ಅವನು ಹುಟ್ಟಿದಾಗ ಊರು ವಿಯೆನ್ನಾದ ಚಕ್ರವರ್ತಿಯದಾಗಿತ್ತು. ದೊಡ್ಡ ಯುದ್ಧ ಮುಗಿದ ಮೇಲೆ ರೊಮೇನಿಯಾದ ರಾಜನದಾಯಿತು. ಅಧಿಕಾರಿಗಳು ಬದಲಾದರು, ಹಳೆಯ ನಕ್ಷೆ ಕಳೆದುಹೋಯಿತು. ಕಣಿವೆಯಾಚೆಯ ನೆಯಾಗ್ರಾ ಊರಿನೊಂದಿಗಿನ ಗಡಿಜಗಳ ಮಾತ್ರ ಉಳಿಯಿತು.

ಜಗಳ ಒಂದು ಒರತೆಯದು. ಆಗಸ್ಟಿನಲ್ಲಿ ತೊರೆಗಳೆಲ್ಲ ಒಣಗಿದಾಗ ಅಷ್ಟು ಎತ್ತರದಲ್ಲಿ ನೀರು ಸಿಗುವುದು ಅಲ್ಲಿ ಮಾತ್ರ. ಶಿಲುಬೆ ಕೆತ್ತಿದ ಗಡಿಕಲ್ಲು ಒರತೆಯನ್ನು ದಾಟಿ, ನೆಯಾಗ್ರಾದ ಮಗ್ಗುಲಿಗೆ ಬಿದ್ದಿತ್ತು. ಹಾಗಾಗಿ ನೀರು ತಮ್ಮದೆಂದು ಬ್ರುಸ್ತುರೆನಿಯವರ ವಾದ. ಆದರೆ ಇರೆಮಿಯನ ಹದಿನಾಲ್ಕನೇ ವಯಸ್ಸಿನಲ್ಲಿ ಗುಡ್ಡ ಕುಸಿದು, ಆ ಕಲ್ಲು ಮಣ್ಣಿನೊಂದಿಗೆ ಇನ್ನೂರು ಹೆಜ್ಜೆ ಕೆಳಗೆ ಜಾರಿತ್ತು. ಅದನ್ನು ಕಂಡವರಲ್ಲಿ ಈಗ ಬದುಕಿದ್ದವನು ಅವನೊಬ್ಬನೇ. ಏಳು ವರ್ಷದವನಿದ್ದಾಗ ಅಪ್ಪ ಅವನನ್ನು ಕಲ್ಲಿನ ಮೊದಲಿನ ಜಾಗದಲ್ಲಿ ನಿಲ್ಲಿಸಿ, ಕಣ್ಣೀರು ಬರುವಷ್ಟು ಕೂದಲು ಹಿಡಿದು ಎಳೆದಿದ್ದ. ಗಡಿ ಮರೆಯದಿರಲೆಂದು ಮಕ್ಕಳಿಗೆ ಹಾಗೆ ಮಾಡುವುದು ಅಲ್ಲಿನ ರೂಢಿ.

ಹುಲ್ಲಿನ ಬೇರುಸಮೇತ ಅಗೆದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಇರೆಮಿಯ ಎಲ್ಲಿ ನಡೆಯುತ್ತಾನೋ ಅದೇ ಗಡಿಯೆಂದು ಎರಡೂ ಊರಿನವರು ಒಪ್ಪಿದರು. ಹಾಗೆ ಹೊತ್ತು ಸುಳ್ಳು ಹೆಜ್ಜೆ ಇಟ್ಟವನನ್ನು ಸತ್ತ ಮೇಲೆ ಮಣ್ಣು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಎಲ್ಲರ ನಂಬಿಕೆ.

ಹೆಂಟೆ ಹೊರಿಸುವಾಗ ಬ್ರುಸ್ತುರೆನಿಯ ಮುಖ್ಯಸ್ಥ ಪಿಂತಿಲಿಯೆ ಅವನ ಕಿವಿಯ ಬಳಿ ಬಗ್ಗಿದ. "ಅಜ್ಜ, ಏರು ದಾಟಿದ್ರೆ ಕಲ್ಲು ಕಣ್ಣೆದುರಿಗೇ ಇದೆ. ಅದರ ಹತ್ರ ಹೋಗಿ ನಿಂತ್ಕೋ, ಸಾಕು."

"ಆ ಕಲ್ಲಿಗೂ ಒಂದ್ಸಲ ಕಾಲು ಬಂದಿತ್ತಪ್ಪ."

"ಅದನ್ನ ಯಾರು ಕೇಳಿದ್ರು ನಿನ್ನ?"

ಹಸಿ ಮಣ್ಣು ಭಾರವಾಗಿತ್ತು. ಅದರಿಂದ ಸೋರಿದ ನೀರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಹಿಂದೆ ಎರಡೂ ಊರಿನವರು ಗುಂಪುಗುಂಪಾಗಿ ಬರುತ್ತಿದ್ದರು. "ನಿಧಾನ ಮುದುಕ, ಸುಳ್ಳು ಜಾಸ್ತಿಯಾದ್ರೆ ಕತ್ತು ಉಳುಕುತ್ತೆ," ಎಂದ ನೆಯಾಗ್ರಾದ ಒಬ್ಬ. ಯಾರೂ ನಗಲಿಲ್ಲ. ಏರು ಮುಗಿದಾಗ ಕೆಳಗೆ ಒರತೆ ಕಂಡಿತು, ಅದರಾಚೆ ಕಲ್ಲು. ಒರತೆಯ ದಂಡೆಯಲ್ಲಿ ಇರೆಮಿಯನ ಮಗನ ಕುರಿಗಳೇ ನೀರು ಕುಡಿಯುತ್ತಿದ್ದವು.

ಒರತೆಗೆ ಇನ್ನೂ ಐವತ್ತು ಹೆಜ್ಜೆ ಇರುವಾಗ, ಅಪ್ಪ ಕೂದಲು ಎಳೆದಿದ್ದ ಜಾಗದಲ್ಲಿ ಅವನು ನಿಂತ.

"ಮುಂದೆ ನಡಿ ಅಜ್ಜ," ಎಂದ ಪಿಂತಿಲಿಯೆ.

ಇರೆಮಿಯ ಕುರಿಗಳನ್ನು ನೋಡಿದ. ಕಾಲನ್ನು ಮಾತ್ರ ಎತ್ತಲಿಲ್ಲ.

"ಮುಂದಿಂದು ನಮ್ದಲ್ಲ."

ಸರ್ವೆಯವನು ಅವನ ಪಾದದ ಬಳಿ ಗೂಟ ಹೊಡೆದ. ಬ್ರುಸ್ತುರೆನಿಯವರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಇಳಿದುಹೋದರು. ಹೆಂಟೆ ಇಳಿಸಲು, ಗೇಲಿ ಮಾಡಿದ್ದ ನೆಯಾಗ್ರಾದವನು ಕೈ ಚಾಚಿದ.

"ನೀನು ಮುಟ್ಟಬೇಡ," ಎಂದ ಇರೆಮಿಯ.

ಕೊನೆಗೆ ಸೊಸೆ ಸಲೋಮಿಯ ಬಂದಳು. ಹೆಂಟೆಯನ್ನು ಎರಡೂ ಕೈಯಿಂದ ಎತ್ತಿ ನೆಲದ ಮೇಲಿಟ್ಟಳು.

"ಬನ್ನಿ ಮಾವ. ಇವತ್ತೇ ಕುರಿ ಕೆಳಗಿಳಿಸ್ಬೇಕು. ಈ ವರ್ಷ ಹಾಲು ಬತ್ತಿಹೋಗುತ್ತೆ. ಅದನ್ನ ನಿಮ್ಮ ಮಗನಿಗೆ ನಾನು ಹೇಳಲ್ಲ, ನೀವೇ ಹೇಳಿ."